ಗೌಡರು ಬೇಡವೆಂದ ಕರಡಿ

ಕಂಡದ್ದನ್ನು ಕಂಡ ಹಾಗೆ ಹೇಳುವವನಿಗೆ ಈ ಲೋಕದಲ್ಲಿ ಗಿರಾಕಿ ಇಲ್ಲ. ಇದನ್ನು ಸಿಟ್ಟಿನಿಂದಲೇ ಹೇಳುತ್ತಿದ್ದೇನೆ. ಸಿಟ್ಟಿನ ಕಾರಣ ನಮ್ಮ ಮನೆಯ ಮುಂದೆಯೇ ನಿಂತಿದೆ. ಅರಸೀಕೆರೆಯಲ್ಲಿ ಪತ್ರಿಕೆಯೊಂದರ ಬಾತ್ಮೀದಾರನಾಗಿರುವ ನನಗೆ ಬಿಡುವಿನಲ್ಲಿ ಬಳಪದ ಕಲ್ಲಿನಲ್ಲಿ ಪ್ರಾಣಿಗಳನ್ನು ಕೆತ್ತುವ ಹುಚ್ಚು. ಊರಿನ ಎಮ್ಮೆ, ಕೋತಿಗಳನ್ನು ಕೆತ್ತಿಕೊಂಡು ಸುಖವಾಗಿದ್ದೆ. ಅಷ್ಟರಲ್ಲಿ ಗಂಡಸಿ ಕಡೆಯ ಗೌಡರೊಬ್ಬರು ಬಂದು, ತಮ್ಮ ತೆಂಗಿನ ತೋಟದ ಬಾಗಿಲಿಗೆ ಒಂದು ಕರಡಿ ಬೇಕೆಂದರು. "ಥೇಟ್ ಕಾಡಿನ ಕರಡಿ ಇದ್ದಂಗೇ ಇರ್ಬೇಕು ಸ್ವಾಮಿ."

ಆ 'ಥೇಟ್' ಎಂಬ ಮಾತನ್ನು ನಂಬಿ ಕೆಟ್ಟೆ. ಊರಾಚೆಯ ಗುಡ್ಡದ ಬಂಡೆಯ ಮೇಲೆ ಎಷ್ಟೋ ಸಂಜೆ ಉಸಿರು ಬಿಗಿಹಿಡಿದು ಕುಳಿತೆ. ಇರುವೆ ಕಚ್ಚಿದರೂ ಅಲುಗಲಿಲ್ಲ. ಕೊನೆಗೂ ದೂರದ ಇಳಿಜಾರಿನಲ್ಲಿ ಕರಡಿ ಬಂತು. ಬಂದದ್ದೇ ಹುತ್ತ ಕೆದಕಿ, ಮೂತಿಯನ್ನು ಒಳಗೆ ತೂರಿಸಿ, ಗೆದ್ದಲು ಹೀರತೊಡಗಿತು. ಹೊರಗೆ ಉಳಿದದ್ದು ಹಿಂಭಾಗ. ಮತ್ತೆ ಬಂದಾಗಲೂ ಅದೇ ಹುತ್ತ, ಅದೇ ಹಿಂಭಾಗ. ಅದನ್ನೇ ಹುತ್ತದ ಸಮೇತ ಕೆತ್ತಿದೆ, ಒಂದು ಕೂದಲನ್ನೂ ಬಿಡದೆ.

ಗಾಡಿ ಕಟ್ಟಿಸಿಕೊಂಡು ಬಂದ ಗೌಡರು ಶಿಲ್ಪವನ್ನು ಒಂದು ಸುತ್ತು ಹಾಕಿದರು. "ಮುಖ ಎಲ್ಲೈತೆ?"

"ಹುತ್ತದೊಳಗಿದೆ."

"ಏನ್ ಸ್ವಾಮಿ, ಬಂದ ನೆಂಟರಿಗೆಲ್ಲ ಇದು ನನ್ನ ಬಾಗ್ಲಲ್ಲಿ ಅಂಡು ತೋರಿಸ್ಕೊಂಡು ನಿಂತಿರ್ಬೇಕಾ? ಬೇಲೂರ್ ಗುಡಿ ಸಿಂಹ ನೋಡಿಲ್ವಾ? ಎದ್ದು ನಿಂತ್ಕಂಡು, ಬಾಯಿ ತಕ್ಕಂಡು, ಹೆಂಗೈತೆ! ಹಂಗೆ ಮಾಡ್ಕೊಡಿ."

ಅನ್ಯಾಯವಲ್ಲವೇ ಇದು? ಈ ಸೀಮೆಯಲ್ಲಿ ಸಿಂಹವನ್ನು ಕಂಡವರು ಯಾರು? ಅದನ್ನು ಕೆತ್ತಿದವರಾದರೂ ಕಂಡಿದ್ದರೋ ಇಲ್ಲವೋ! ಯಾರೂ ಕಾಣದ ಸಿಂಹಕ್ಕೆ ನೂರಾರು ವರ್ಷಗಳಿಂದ ಮರ್ಯಾದೆ. ನಾನು ಕಣ್ಣಾರೆ ಕಂಡ ಕರಡಿ ಮಾತ್ರ ತಪ್ಪು! "ಕರಡಿ ಹಾಗೆಲ್ಲ ನಿಲ್ಲುವುದಿಲ್ಲ ಗೌಡರೇ, ನಾನು ನೋಡಿದ್ದೇನೆ" ಎಂದು ಬಾತ್ಮೀದಾರನ ಗತ್ತಿನಲ್ಲೇ ಹೇಳಿದೆ. ಗೌಡರು ಖಾಲಿ ಗಾಡಿಯಲ್ಲಿ ಹೊರಟುಹೋದರು.

ಕರಡಿ ನಮ್ಮಲ್ಲೇ ಉಳಿಯಿತು. ಹಿಂಭಾಗ ಬೀದಿಗೆ ಕಾಣುವುದು ಬೇಡವೆಂದು ನನ್ನ ಹೆಂಡತಿ ಅದನ್ನು ತಿರುಗಿಸಿ ಇಡಿಸಿದಳು. ಈಗ ಬಾಗಿಲು ತೆಗೆದ ಕೂಡಲೇ ನಮಗೇ ಕಾಣುತ್ತದೆ. "ಬೆಳಗಾಗೆದ್ರೆ ನನಗೆ ಇದರ ದರ್ಶನ. ನಿಮ್ಮ ಸತ್ಯಕ್ಕೆ ಒಂದು ಮುಖ ಇರಬಾರದಿತ್ತೇನ್ರೀ?" ಎನ್ನುತ್ತಾಳೆ.

ಕಳೆದ ತಿಂಗಳು ಆ ಗೌಡರ ತೋಟಕ್ಕೇ ಕರಡಿ ನುಗ್ಗಿದ ಸುದ್ದಿ ಬಂತು. ವರದಿಗೆಂದು ಓಡಿದೆ. ಬೇಲಿಯ ತಿರುವಿನಲ್ಲಿ ಎದುರಾದ ಕರಡಿ ನನ್ನನ್ನು ಕಂಡು ಹಿಂಗಾಲ ಮೇಲೆ ಎದ್ದು ನಿಂತಿತು. ಬಾಯಿಯನ್ನೂ ತೆಗೆಯಿತು. ಥೇಟ್ ಬೇಲೂರಿನ ಸಿಂಹ! ತೋಟದ ಕಾವಲಿನ ಅಟ್ಟಣೆ ಹತ್ತಿ ಕುಳಿತಿದ್ದ ಗೌಡರು ಅಲ್ಲಿಂದಲೇ ಕೂಗಿದರು: "ನೋಡ್ಕಳಿ ಸ್ವಾಮಿ, ಸರಿಯಾಗಿ ನೋಡ್ಕಳಿ!"

ನೋಡಿಕೊಳ್ಳುವಷ್ಟು ಹೊತ್ತು ನಾನು ಅಲ್ಲಿರಲಿಲ್ಲ. ಆಗ ಕರಡಿಗೆ ಕಂಡದ್ದು ನನ್ನ ಹಿಂಭಾಗ ಮಾತ್ರ. ಅದಕ್ಕೇನಾದರೂ ಕೆತ್ತನೆ ಬಂದು ನನ್ನ ಶಿಲ್ಪ ಮಾಡುವುದಾದರೆ, ಕಂಡದ್ದನ್ನು ಕಂಡ ಹಾಗೆಯೇ ಮಾಡಲಿ. ತಕರಾರು ಎತ್ತುವ ಮುಖ ನನಗಿಲ್ಲ.