ದಂಡೋತಿ ರಸ್ತೆಯ ಮೂಕ ಓಟ

ಚಿತ್ತಾಪುರದ ವಕೀಲರೊಬ್ಬರ ಬಳಿ ನಾನು ಗುಮಾಸ್ತ. ಕಕ್ಷಿದಾರರ ಕೇಸುಗಳಂತೂ ಓಡುವುದಿಲ್ಲ, ಗುಮಾಸ್ತನಾದರೂ ಓಡಲಿ ಎಂದು ನಲವತ್ತೈದನೇ ವಯಸ್ಸಿನಲ್ಲಿ ಊರ ಮೈದಾನ ಸುತ್ತಲು ಶುರು ಮಾಡಿದೆ. ಐದು ವರ್ಷದಲ್ಲಿ ಹತ್ತು ಕಿಲೋಮೀಟರ್ ನಿಲ್ಲದೆ ಓಡುವ ಮಟ್ಟಕ್ಕೆ ಬಂದೆ. ಸಂತೆಯಲ್ಲಿ ಬದನೆಕಾಯಿ ಆರಿಸುವಾಗಲೂ ಪಕ್ಕದಲ್ಲಿದ್ದವರಿಗೆ ಅದನ್ನು ಹೇಳದೆ ಬಿಡುತ್ತಿರಲಿಲ್ಲ. ಗುಡಿಯಲ್ಲಿ ಕುಳಿತ ಹನುಮಪ್ಪ ದೇವರು ಕೇಳಿಸಿಕೊಂಡು ನಕ್ಕಿರಬೇಕು. ಒಂದು ದಿನ ಹತ್ತು ಕಿಲೋಮೀಟರ್ ಕ್ಷೇಮವಾಗಿ ಓಡಿ ಬಂದವನು, ನಮ್ಮದೇ ಬಚ್ಚಲಿಗೆ ಹಾಸಿದ ಪರಸಿಕಲ್ಲಿನ ಮೇಲೆ ಸಾಬೂನು ತುಳಿದು ದೊಪ್ಪನೆ ಬಿದ್ದೆ!

ಮೊಣಕಾಲು ಕುಂಬಳಕಾಯಿಯಾಯಿತು. ಆರು ತಿಂಗಳು ಓಟದ ಹೆಸರೆತ್ತಬೇಡಿ ಎಂದರು ಡಾಕ್ಟರು. ಓಟದ ಹೆಸರು ಎತ್ತಲಿಲ್ಲ, ಉಳಿದವರ ಹೆಸರನ್ನೆಲ್ಲ ಎತ್ತಿದೆ. ಏಳುವಾಗ ಅವ್ವನನ್ನು, ಕೂರುವಾಗ ಅಪ್ಪನನ್ನು, ಮೆಟ್ಟಿಲು ಹತ್ತುವಾಗ ಸಾಬೂನು ಅಲ್ಲಿಟ್ಟ ಹೆಂಡತಿ ಮಹಾದೇವಿಯನ್ನು ಕರೆದೆ. ಪಕ್ಕದ ಮನೆಯ ಖಾಜಾಸಾಬರು ದರ್ಗಾದಿಂದ ಹಸಿರು ದಾರ ತಂದು ಕಟ್ಟಿದರು. ಗೆಳೆಯ ಗೌತಮ ಬುದ್ಧವಿಹಾರದಿಂದ ಬಿಳಿ ದಾರ ತಂದ. ಮಹಾದೇವಿ ಕರಿ ದಾರ ಕಟ್ಟಿದಳು. ನನ್ನ ಮೊಣಕಾಲಿನಲ್ಲಿ ಸರ್ವಧರ್ಮ ಸಮ್ಮೇಳನವೇ ನಡೆಯಿತು, ಬಾವು ಮಾತ್ರ ಅಧ್ಯಕ್ಷರಂತೆ ಕುರ್ಚಿ ಬಿಡಲಿಲ್ಲ.

ನಿಜ ಹೇಳುತ್ತೇನೆ, ಹೆದರಿದ್ದೆ. ಮೂಲೆಯಲ್ಲಿ ಬಿದ್ದ ಬೂಟನ್ನು ದಿನಾ ಒರೆಸಿ ಮತ್ತೆ ಅಲ್ಲೇ ಇಡುತ್ತಿದ್ದೆ. ಓಡುವ ಆ ಒಂದು ತಾಸು ಮಾತ್ರ ನಾನು ಯಾರ ಗುಮಾಸ್ತನೂ ಆಗಿರಲಿಲ್ಲ.

ಕೊನೆಗೆ ಮಹಾದೇವಿ ಹರಕೆ ಹೊತ್ತಳು. ನಮ್ಮ ಮನೆಯಲ್ಲಿ ಹರಕೆಯ ಪದ್ಧತಿ ಬಹಳ ಸುಲಭ: ಹೊರುವವಳು ಹೆಂಡತಿ, ತೀರಿಸುವವನು ಗಂಡ. ಕಾಲು ವಾಸಿಯಾದರೆ ನನ್ನ ಗಂಡ ಮನೆಯಿಂದ ದಂಡೋತಿ ದಾರಿಯ ಹನುಮಪ್ಪನ ಗುಡಿಯವರೆಗೆ ಒಮ್ಮೆಯೂ ನಿಲ್ಲದೆ, ಒಂದು ಮಾತೂ ಆಡದೆ ಓಡಿ ಬರುತ್ತಾರೆ ಎಂದು ಬೇಡಿಕೊಂಡಿದ್ದಳು. ಓಟ ಸರಿ, ಮಾತು ಯಾಕೆ ಬಿಡಬೇಕು ಎಂದು ಕೇಳಿದೆ.

“ಆರು ತಿಂಗಳು ನಿಮ್ಮ ನರಳಾಟ ಕೇಳೀನಿ. ಒಂದು ತಾಸರೆ ಸುಮ್ಮ ಇರ್ರಿ,” ಎಂದಳು.

ಹರಕೆ ನಡುವೆ ಕೆಟ್ಟರೆ ಹನುಮಪ್ಪನಿಗೆ ನಿಮ್ಮ ಓಟ ಬೇಡವಾಗಿದೆ ಎಂದೇ ಅರ್ಥ, ಅವತ್ತೇ ಬೂಟನ್ನು ಗುಜರಿಯವನಿಗೆ ಹಾಕುತ್ತೇನೆ ಎಂದೂ ಸೇರಿಸಿದಳು. ಒಪ್ಪಿದೆ. ಬಾವು ಇಳಿಯಿತು. ಮೂರು ದಾರಗಳಲ್ಲಿ ಯಾವುದು ಕೆಲಸ ಮಾಡಿತೋ ಇವತ್ತಿಗೂ ಗೊತ್ತಿಲ್ಲ. ಡಾಕ್ಟರು ತಮ್ಮ ಗುಳಿಗೆ ಎನ್ನುತ್ತಾರೆ.

ಶನಿವಾರ ಬೆಳಿಗ್ಗೆ ಮಹಾದೇವಿ ಕಾಯಿ ಹಿಡಿದುಕೊಂಡು ಮೊದಲ ಬಸ್ಸಿಗೆ ಗುಡಿಗೆ ಹೋದಳು. ನಾನು ಬೂಟು ಕಟ್ಟಿ, ಬಾಯಿ ಕಟ್ಟಿ ಹೊರಟೆ. ಏನು ಹೇಳಲಿ! ಮೊಣಕಾಲು ಕಿಮಕ್ ಎನ್ನಲಿಲ್ಲ. ಎರಡೂ ಕಡೆ ತೊಗರಿ ಹೊಲ, ತಣ್ಣನೆ ಗಾಳಿ, ಸಂತೋಷಕ್ಕೆ ಕಣ್ಣಿಂದ ಧಾರಾಕಾರ ನೀರು. ಆ ನೀರೇ ನನಗೆ ಮುಳುವಾಯಿತು.

ಗಂಡ ಹೆಂಡತಿ ಇಬ್ಬರೂ ಯೋಚಿಸದ ಸಂಗತಿ ಒಂದಿತ್ತು. ಮೈದಾನದಲ್ಲಿ ಓಡಿದರೆ ವ್ಯಾಯಾಮ. ಆದರೆ ನಮ್ಮ ಭಾಗದ ರಸ್ತೆಯ ಮೇಲೆ ಐವತ್ತು ದಾಟಿದ ಮನುಷ್ಯ ಸುಮ್ಮಸುಮ್ಮನೆ ಓಡುವುದಿಲ್ಲ. ಓಡಿದರೆ ಜನ ಸುಮ್ಮನೆ ಬಿಡುವುದಿಲ್ಲ.

ಮೊದಲು ಸಿಕ್ಕವನು ಬಸಣ್ಣ, ನಮ್ಮ ವಕೀಲರ ಹಳೆಯ ಕಕ್ಷಿದಾರ. ಬೈಕನ್ನು ನನ್ನ ಪಕ್ಕದಲ್ಲೇ ನಡೆಸುತ್ತ ಹತ್ತಲು ಹೇಳಿದ. ಓಡುತ್ತಲೇ ಕೈ ಮುಗಿದೆ. ಮುಖ ನೋಡಿದ, ಕಣ್ಣೀರು ಕಂಡಿತು.

“ಯಾವಾಗ ಆತ್ರಿ?” ಎಂದ ಮೆಲ್ಲಗೆ.

ಮತ್ತೆ ಕೈ ಮುಗಿದೆ. ಆತ ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಹೆಗಲಿಗೆ ಹಾಕಿಕೊಂಡು, ಒಂದು ಕೈಯಲ್ಲಿ ಫೋನು ಹಿಡಿದು ಮುಂದೆ ಹೋದ. ಗುಮಾಸ್ತರ ಮನೆಯಲ್ಲಿ ಯಾರೋ ತೀರಿಕೊಂಡಿದ್ದಾರೆ ಎಂಬ ಸುದ್ದಿ ನನಗಿಂತ ಎಷ್ಟೋ ಪಟ್ಟು ವೇಗವಾಗಿ ಓಡಿತು. ಯಾರು ತೀರಿಕೊಂಡರು ಎಂಬುದೊಂದೇ ಬಾಕಿ!

ಹಿಂದಿನಿಂದ ಎರಡನೇ ಬಸ್ಸು ಬಂತು. ಅದರೊಳಗೆ ಸುದ್ದಿ ಆಗಲೇ ಹತ್ತಿ ಕುಳಿತಿತ್ತು. ಕಂಡಕ್ಟರ್ ಬಾಗಿಲಲ್ಲಿ ನಿಂತು ಕರೆದ. ನಾನು ಕೈ ಮುಗಿದು ಪಕ್ಕಕ್ಕೆ ಸರಿದು ಓಡಿದೆ. ಪಾಪ, ದುಃಖಕ್ಕೆ ತಲೆ ಕೆಟ್ಟಿದೆ ಎಂದು ಇಬ್ಬರು ಗಟ್ಟಿ ಆಳುಗಳು ಇಳಿದು ಬೆನ್ನಟ್ಟಿ, ನನ್ನನ್ನು ತೊಗರಿ ಚೀಲದಂತೆ ಎತ್ತಿ ಬಸ್ಸಿಗೆ ಹಾಕಿದರು.

ಧರ್ಮಸಂಕಟ ಎಂದರೆ ಇದು! ಬಾಯಿ ಬಿಟ್ಟರೆ ಮೌನ ಕೆಡುತ್ತದೆ, ಬಿಡದಿದ್ದರೆ ಓಟ ಕೆಡುತ್ತದೆ. ಎರಡರಲ್ಲಿ ಒಂದಾದರೂ ಉಳಿಯಲಿ, ಓಟಕ್ಕೆ ಹನುಮಪ್ಪನ ಹತ್ತಿರ ವಾಯಿದೆ ಕೇಳಿದರಾಯಿತು ಎಂದು ಬಾಯಿ ಮುಚ್ಚಿ ಕುಳಿತೆ. ಪಕ್ಕದ ಮುದುಕಿಯೊಬ್ಬಳು ನನ್ನ ಬೆನ್ನು ಸವರುತ್ತ ಅಳತೊಡಗಿದಳು. ಕಂಡಕ್ಟರ್ ಟಿಕೆಟ್ ಕೂಡ ಕೇಳಲಿಲ್ಲ.

ಗುಡಿ ಇನ್ನೇನು ಬಂತು ಎನ್ನುವಾಗ ಕಿಟಕಿಯಿಂದ ನೋಡುತ್ತೇನೆ, ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಬರಿಗಾಲಲ್ಲಿ, ಕೈಯಲ್ಲಿ ಕಾಯಿ ಹಿಡಿದ ಹೆಂಗಸೊಬ್ಬಳು ಎದುರಿನಿಂದ ಓಡಿ ಬಂದು, ಬಸ್ಸನ್ನು ದಾಟಿ ಚಿತ್ತಾಪುರದ ಕಡೆ ಹೋಗುತ್ತಿದ್ದಾಳೆ. ಮಹಾದೇವಿ! ಗುಡಿಯ ಮುಂದಿನ ಹೂವಿನವಳು ಆಕೆಗೆ ಸುದ್ದಿ ಹೇಳಿದ್ದಳು. ಗುಮಾಸ್ತರ ಮನೆಯಲ್ಲಿರುವುದು ಇಬ್ಬರೇ. ತಾನಂತೂ ಗುಡಿಯ ಕಟ್ಟೆಯ ಮೇಲೆ ಕುಳಿತಿದ್ದಾಳೆ. ಅಲ್ಲಿಗೆ ಉಳಿದವನು ಒಬ್ಬನೇ!

“ನಿಲ್ಲಸ್ರೀ!” ಎಂದು ಕಿರುಚಿದೆ. ಉಳಿದಿದ್ದ ಮೌನವೂ ಹೋಯಿತು.

ಇಳಿದು ಆಕೆಯ ಹಿಂದೆ ಓಡಿದೆ. ಹೆಸರು ಹಿಡಿದು ಕೂಗಿದೆ, ತಿರುಗಲಿಲ್ಲ. ಐದು ವರ್ಷದ ಅಭ್ಯಾಸ, ಬೂಟು, ಮೂರು ದಾರ, ಎಲ್ಲ ಸೇರಿದರೂ ನಮ್ಮಿಬ್ಬರ ನಡುವಿನ ಅಂತರ ಹೆಚ್ಚುತ್ತಲೇ ಹೋಯಿತು. ಕೊನೆಗೆ ಕಾಯಿ ಕೈಜಾರಿ ಉರುಳಿದಾಗ ಆಕೆ ಹಿಂತಿರುಗಿ ನೋಡಿದಳು. ಓಡಿ ಬಂದು ನನ್ನ ಎರಡೂ ರಟ್ಟೆ ಹಿಡಿದಳು.

“ಜೀವಂತ ಇದ್ದೀರಿ?”

“ಇದ್ದೀನಿ.”

ನಡುರಸ್ತೆಯಲ್ಲೇ ಅತ್ತಳು. ನಾನೂ ಅತ್ತೆ, ಮುಚ್ಚಿಡುವುದೇನು. ಆಮೇಲೆ ಸೆರಗಿನಲ್ಲಿ ಮೂಗು ಒರೆಸಿಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ಮತ್ತ ಮಾತ್ಯಾಕ ಆಡಿದ್ರಿ?”

ಗುಡಿಯ ಪೂಜಾರಪ್ಪ ನಡೆದದ್ದೆಲ್ಲ ಕೇಳಿ ತೀರ್ಪು ಕೊಟ್ಟರು: ನನ್ನ ಓಟ ಕೆಟ್ಟಿದೆ, ಮೌನವೂ ಕೆಟ್ಟಿದೆ, ಆದರೆ ಗಂಡ ಹೆಂಡತಿಗೆ ಹರಕೆ ಒಂದೇ, ಆ ತಾಯಿ ಓಡಿದ್ದನ್ನು ಹನುಮಪ್ಪ ಕಣ್ಣಾರೆ ನೋಡಿದ್ದಾನೆ, ಆದ್ದರಿಂದ ಅರ್ಧ ತೀರಿದೆ, ಉಳಿದರ್ಧ ಇಬ್ಬರೂ ಸೇರಿ ಓಡಿ ತೀರಿಸಬೇಕು. ಬೂಟು ಉಳಿಯಿತು.

ಹರಕೆ ತೀರಿ ಬಹಳ ದಿನವಾದರೂ ಶನಿವಾರದ ಓಟ ನಿಂತಿಲ್ಲ. ಮಹಾದೇವಿ ಮುಂದೆ ಮುಂದೆ, ದಾರಿಯಲ್ಲಿ ಸಿಕ್ಕವರನ್ನೆಲ್ಲ ಮಾತಾಡಿಸುತ್ತ, ಅವರ ಮೊಮ್ಮಕ್ಕಳ ಕ್ಷೇಮ ಕೇಳುತ್ತ. ನಾನು ಹಿಂದೆ, ಬಾಯಿ ಬಿಡದೆ. ಇನ್ನೂ ಮೌನ ಹಿಡಿದಿದ್ದಾರೆ, ಎಂಥ ಭಕ್ತಿ ಎಂದು ಜನ ನನಗೆ ಕೈ ಮುಗಿಯುತ್ತಾರೆ. ಮಾತಾಡಲು ಉಸಿರೇ ಇಲ್ಲ ಎಂದು ಅವರಿಗೆ ಹೇಳೋಣವೆಂದರೆ, ಅದಕ್ಕೂ ಉಸಿರು ಬೇಕಲ್ಲ!