ಅಂದಾನಪ್ಪನ ಒಂದು ದಿನದ ಅರವಟಿಗೆ

ಕಂಪ್ಲಿಯ ಬೆಲ್ಲದ ವ್ಯಾಪಾರಿ ಅಂದಾನಪ್ಪ ಬೆಲ್ಲದ ಮೇಲೆ ಕೂತ ನೊಣವನ್ನೂ ಅದರ ಕಾಲಿಗಂಟಿದ ಬೆಲ್ಲ ಝಾಡಿಸಿಕೊಂಡೇ ಹೊರಗೆ ಕಳಿಸುವ ಆಸಾಮಿ. ಅಂಥವನು ಆ ಬೇಸಿಗೆಯ ಬೆಳಿಗ್ಗೆ ಅಂಗಡಿಯ ಮುಂದೆ ಅರವಟಿಗೆ ಇಟ್ಟು ಪಾನಕ ಹಂಚಲು ನಿಂತ. ಇದಕ್ಕೆಲ್ಲ ಎದುರುಮನೆಯ ಸುವರ್ಣಮ್ಮನೇ ಕಾರಣ.

“ನಿಮ್ಮ ಮಗಳನ್ನ ಸಂಡೂರಿನವರು ಕೇಳ್ಯಾರಲ್ರಿ, ಹುಡುಗನ ಸೋದರಮಾವ ಇವತ್ತು ಮನೆತನ ವಿಚಾರಿಸಾಕ ಬರ್ತಾನಂತ. ಸುದ್ದಿ ಇಲ್ಲದಂಗ ಬರ್ತಾನಂತ್ರಿ!”

ತಾಯಿಯಿಲ್ಲದ ಮಗಳು ಮರುಳಸಿದ್ದಮ್ಮನಿಗೆ ಬಂದ ಮೂರು ಸಂಬಂಧಗಳು ‘ಜಿಪುಣರ ಮನೆ’ ಎಂದು ಹಿಂದಕ್ಕೆ ಹೋಗಿದ್ದವು. ಇದೂ ತಪ್ಪಿದರೆ ಗತಿಯೇನೆಂದು ಅಂದಾನಪ್ಪ ತಾನೇ ಬೆಲ್ಲ ಕುಟ್ಟಿ ಪಾನಕ ಕಲಸಿದ್ದ.

ರುಮಾಲು ಸುತ್ತಿದ ಯಾವ ಅಪರಿಚಿತ ಕಂಡರೂ ಇವನೇ ಆ ಸೋದರಮಾವನಿರಬೇಕೆಂದು, “ಬರ್ರಿ ಯಜಮಾನ್ರ, ಕುಂದ್ರಿ!” ಎಂದು ರಟ್ಟೆ ಹಿಡಿದು ಎಳೆದ. ಕೋರ್ಟಿನ ಅಮೀನನಿಗೆ ಮೂರು ಲೋಟ ಕುಡಿಸಿದ. ದನದ ದಲ್ಲಾಳಿಯೊಬ್ಬನಿಗೆ ತನ್ನ ಕೊಡೆಯನ್ನೇ ಕೊಟ್ಟ. ಹಲ್ಲುನೋವೆಂದು ಗೋಗರೆದ ಜೋಯಿಸನಿಗೂ ಬಲವಂತದಿಂದ ಕುಡಿಸಿ ಬೈಸಿಕೊಂಡ. ಮೂಟೆ ಹೊತ್ತ ಹಮಾಲರು ಬಂದಾಗ ಮಾತ್ರ, “ಹೊಳಿ ಅಲ್ಲೇ ಐತಲ್ರಪಾ, ಹೋಗ್ರಿ” ಎಂದ.

ಮಧ್ಯಾಹ್ನದ ಹೊತ್ತಿಗೆ ಒಂದೇ ತಂಬಿಗೆ ಪಾನಕ ಉಳಿಯಿತು. ಅದನ್ನು ಬೀಗರಿಗೆಂದು ಮುಚ್ಚಿಟ್ಟ. ಅಷ್ಟರಲ್ಲಿ ಪರವೂರಿಂದ ಸೌದೆ ಹೊತ್ತು ಬಂದ ಮುದುಕಿ ಭರಮಮ್ಮ ಅಂಗಡಿಯೆದುರೇ ಕುಸಿದಳು. ಅಂದಾನಪ್ಪನಿಗೆ ಬೀಗರೂ ನೆನಪಾಗಲಿಲ್ಲ, ಬೆಲ್ಲವೂ ನೆನಪಾಗಲಿಲ್ಲ. ಓಡಿಹೋಗಿ, ಹೊಸ ಶಲ್ಯ ಮಡಚಿ ಅವಳ ತಲೆಯಡಿ ಇಟ್ಟು, “ಯವ್ವಾ, ಕಣ್ಣು ಬಿಡಬೇ!” ಎನ್ನುತ್ತ ಪಾನಕವನ್ನೆಲ್ಲ ಗುಟುಕು ಗುಟುಕಾಗಿ ಕುಡಿಸಿದ. ಅವಳು ಕಣ್ಣು ಬಿಟ್ಟಾಗ ಇವನ ಕಣ್ಣಲ್ಲಿ ನೀರಿತ್ತು.

ಸುವರ್ಣಮ್ಮನ ಪಡಸಾಲೆಯಿಂದ ಚಪ್ಪಾಳೆ ಕೇಳಿಸಿತು. ಬೆಳಿಗ್ಗೆಯಿಂದ ಅಲ್ಲೇ ಕೂತಿದ್ದ ಹುಡುಗನ ಸೋದರಮಾವ ಎದ್ದು ಬಂದ.

“ನಾ ಬರೋದು ನಿಮಗ ಗೊತ್ತೈತಂತ ಈ ಅಮ್ಮಾರೇ ಹೇಳಿದ್ರು. ಮುಂಜಾನಿಂದ ನಾಟಕ ನೋಡಾಕತ್ತೀನ್ರಿ. ಆದ್ರ ಈ ಮುದುಕಿನ್ನ ಎಲ್ಲಿಂದ ಕರೆಸಿದ್ರಿ? ಭಾಳ ಛಲೋ ಬಿದ್ಲು!”

“ದೇವರಾಣಿ, ಇದೊಂದು ಮಾತ್ರ ಖರೇ ಐತ್ರಿ!”

“ನಾ ಖರೇನ ಬಿದ್ದೆನೋ ಯಪ್ಪಾ” ಎಂದು ಭರಮಮ್ಮ ನರಳಿದಳು.

“ಹೌದೌದು, ಮಾತೂ ಛಲೋ ಕಲಿಸ್ಯಾರ” ಎಂದು ನಗುತ್ತ ಅವನು ಹೊಸಪೇಟೆಯ ಮೋಟಾರು ಹಿಡಿಯಲು ನಡೆದೇಬಿಟ್ಟ.

ಅಂದಾನಪ್ಪ ಧೂಳಲ್ಲೇ ಕೂತ. ಅಯ್ಯೋ, ಬೆಳಿಗ್ಗೆ ಆ ಹಮಾಲರಿಗೂ ಕೊಟ್ಟಿದ್ದರೆ ನಂಬುತ್ತಿದ್ದನೇನೋ ಎಂದುಕೊಂಡ. ಒಳಗಿಂದ ಬಂದ ಮರುಳಸಿದ್ದಮ್ಮ ಮುದುಕಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಸೆರಗಿನಿಂದ ಗಾಳಿ ಬೀಸಿದಳು. ಆಮೇಲೆ ಮೆಲ್ಲಗೆ ಕೇಳಿದಳು:

“ಅಪ್ಪಾ, ಆತ ಹೋದ. ನನಗಾದ್ರೂ ಖರೇ ಹೇಳು. ಈಕಿಗೆ ಏನು ಕೊಡ್ತೀನಂದಿದ್ದಿ?”