ಕೋಟು ಸುಡದವಳಿಂದ ಡಿಡ್ ಸಾಹೇಬರಿಗೆ

ಮಾನ್ಯ ಡಿಡ್ ಸಾಹೇಬರೇ,

ಇಂಗ್ಲಿಷ್ ಭಾಷೆಯ ಭೂತಕಾಲವನ್ನು ಗುತ್ತಿಗೆ ಹಿಡಿದಿರುವ ತಮಗೂ, ತಮ್ಮ ಬೆನ್ನಿಗೆ ಅಂಟಿಕೊಂಡೇ ಓಡಾಡುವ ಶ್ರೀಯುತ ನಾಟ್ ಅವರಿಗೂ, ದೊಡ್ಡ ಹೋಟೆಲೊಂದರ ನೆಲಮಾಳಿಗೆಯ ಲಾಂಡ್ರಿಯಿಂದ, ಸೋಪಿನ ನೊರೆ ಹತ್ತಿದ ಕೈಗಳಿಂದಲೇ ನಮಸ್ಕರಿಸುತ್ತೇನೆ.

ಕಳೆದ ತಿಂಗಳು ಅತಿಥಿಯೊಬ್ಬರ ಕೋಟಿನ ಬೆನ್ನ ಮೇಲೆ ಇಸ್ತ್ರಿ ಪೆಟ್ಟಿಗೆಯ ಆಕಾರದ ಕಂದು ಕಲೆ ಬಿತ್ತು. ಸುಟ್ಟವಳು ನಾನಲ್ಲ. ಆದರೆ ವಿವರಣೆಯನ್ನು ಇಂಗ್ಲಿಷಿನಲ್ಲೇ ಬರೆದುಕೊಡಬೇಕೆಂಬುದು ಮ್ಯಾನೇಜರರ ನಿಯಮವಾದ್ದರಿಂದ 'ಐ ಡಿಡ್ ನಾಟ್ ಬರ್ನ್ಡ್ ದ ಕೋಟ್' ಎಂದು ಬರೆದುಕೊಟ್ಟೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು, ಊಟದ ಹೊತ್ತಿನಲ್ಲಿ ಎಲ್ಲರಿಗೂ ಓದಿ ಹೇಳಿದರು, ಬರ್ನ್ಡ್ ಪದದ ಬಾಲಕ್ಕೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, "ಅಲ್ಲಮ್ಮಾ, ಡಿಡ್ ಬಂದ್ಮೇಲೆ ಬರ್ನ್ ಅಂತಷ್ಟೇ ಬರೀಬೇಕು, ಇಷ್ಟೂ ಗೊತ್ತಿಲ್ವಾ?" ಎಂದರು. ಸುಟ್ಟವರು ಯಾರೆಂದು ಮಾತ್ರ ಕೇಳಲಿಲ್ಲ. ನನ್ನನ್ನು ಇಸ್ತ್ರಿ ಮೇಜಿನಿಂದ ಎಬ್ಬಿಸಿ ಒದ್ದೆ ಹೊದಿಕೆಗಳ ತೊಟ್ಟಿಗೆ ಕಳಿಸಿದರು.

ಸಾಹೇಬರೇ, ತಮ್ಮ ದರ್ಬಾರಿನ ಶಿಸ್ತಿಗೆ ತಲೆಬಾಗುತ್ತೇನೆ. ತಾವು ವಾಕ್ಯದೊಳಗೆ ಕಾಲಿಟ್ಟರೆ ಸಾಕು, ವೆಂಟ್ ಎಂದು ಮೆರೆಯುತ್ತಿದ್ದವನು ಗೋ ಆಗಿ, ಏಟ್ ಎಂದು ತೇಗುತ್ತಿದ್ದವನು ಈಟ್ ಆಗಿ ಕೈಕಟ್ಟಿ ನಿಲ್ಲುತ್ತಾರೆ. ಕಳೆದ ಕಾಲದ ಭಾರವನ್ನೆಲ್ಲ ತಾವೊಬ್ಬರೇ ಹೊರುತ್ತೀರಿ. ನಮ್ಮ ಮ್ಯಾನೇಜರರು ಬಂದಾಗ ನಾವೂ ಹೀಗೇ ನಿಲ್ಲುತ್ತೇವೆ, ಆದರೆ ಹೊರುವವರು ನಾವೇ.

ತಮ್ಮ ಮರ್ಜಿ ಕಲಿಯಲೆಂದು, ಅಂಚೆ ಕಚೇರಿಯಲ್ಲಿ ಗುಮಾಸ್ತೆಯಾಗಿರುವ ನನ್ನ ನಾದಿನಿಯ ಮುಂದೆ ಪಾತ್ರೆ ತೊಳೆಯುತ್ತಲೇ ಡಿಡ್ ನಾಟ್ ಗೋ, ಡಿಡ್ ನಾಟ್ ಈಟ್, ಡಿಡ್ ನಾಟ್ ಸ್ಲೀಪ್ ಎಂದು ಉರು ಹೊಡೆದೆ. ಅರ್ಥ ಕೇಳಿ ತಿಳಿದುಕೊಂಡ ಅತ್ತೆಯವರು, "ಅಯ್ಯೋ, ಹೋಗ್ಲಿಲ್ಲ, ತಿನ್ಲಿಲ್ಲ, ಮಲಗ್ಲಿಲ್ಲ, ಇವಳಿಗೇನಾಯ್ತೇ?" ಎಂದು ಗಾಬರಿಯಾದರು.

ಕೊನೆಗೆ 'ಐ ಡಿಡ್ ನಾಟ್ ಬರ್ನ್ ದ ಕೋಟ್' ಎಂದು ಬರೆದುಕೊಂಡು ಹೋದೆ. "ಭೇಷ್, ಒಂದೂ ತಪ್ಪಿಲ್ಲ" ಎಂದರು ಮ್ಯಾನೇಜರರು. ನನ್ನ ಮಾತನ್ನು ನಂಬಿದರೆಂದು ಹಿಗ್ಗಿ ಹೀರೇಕಾಯಿಯಾದೆ. ಅಷ್ಟರಲ್ಲಿ ಅವರು ಖಾಲಿ ಹಾಳೆಯೊಂದನ್ನು ಮುಂದೆ ತಳ್ಳಿ, "ಐ ಬರ್ನ್ಡ್ ದ ಕೋಟ್ ಅಂತ ಬರ್ಕೊಟ್ಬಿಡಿ, ಫೈಲ್ ಮುಗಿಯುತ್ತೆ" ಎಂದರು. ಇಲ್ಲವೆನ್ನುವಾಗ ಊರೆಲ್ಲ ನಕ್ಕ ಆ ಬರ್ನ್ಡ್, ಹೌದೆನ್ನುವಾಗ ಬಾಲಸಮೇತ ಸರಿಯಾಗಿತ್ತು!

ಆದ್ದರಿಂದ ತಾವು ಖುದ್ದಾಗಿ ನೆಲಮಾಳಿಗೆಗೆ ಇಳಿದು ಬಂದು, ಮ್ಯಾನೇಜರರ ಎದುರು ಕುರ್ಚಿ ಎಳೆದು ಕೂತು, ನನ್ನ ವಾಕ್ಯದಲ್ಲಿ ಶ್ರೀಯುತ ನಾಟ್ ಮೊದಲ ದಿನದಿಂದಲೂ ಇದ್ದರೆಂದು ಸಾಕ್ಷಿ ನುಡಿಯಬೇಕಾಗಿ ಪ್ರಾರ್ಥನೆ. ಬರಲಾಗದಿದ್ದರೂ ಚಿಂತೆಯಿಲ್ಲ, ಖಾಲಿ ಹಾಳೆಯನ್ನು ಖಾಲಿಯಾಗಿಯೇ ವಾಪಸು ಕೊಟ್ಟು ಬಂದಿದ್ದೇನೆ. ಇಷ್ಟು ವರ್ಷ ಒಂದು ಕಾಲರಿನ ಅಂಚನ್ನೂ ಕಂದಿಸದ ಕೈಯಿಂದ ಸುಟ್ಟೆನೆಂದು ಬರೆಯಬೇಕೆಂದರೆ ನನಗೆ ಹೊಟ್ಟೆ ಉರಿಯುತ್ತದೆ.

ಯಾರ ವಿಶ್ವಾಸವೂ ಇನ್ನೂ ಸಿಗದ,
ತಮ್ಮ ವಿಶ್ವಾಸಿ,
ಒದ್ದೆ ತೊಟ್ಟಿಯ ಬಳಿಯ ಇಸ್ತ್ರಿಯವಳು

ವಿ.ಸೂ.: ಆ ದಿನ ಇಸ್ತ್ರಿ ಪೆಟ್ಟಿಗೆ ಇದ್ದದ್ದು ಮ್ಯಾನೇಜರರ ಭಾವಮೈದುನನ ಕೈಯಲ್ಲಿ. ಅವನಿಂದ ಯಾರೂ ಏನನ್ನೂ ಬರೆಸಿಕೊಂಡಿಲ್ಲ. ಹಾಗಾಗಿ ಅವನ ಇಂಗ್ಲಿಷಿನಲ್ಲಿ ಇವತ್ತಿನವರೆಗೆ ಒಂದು ತಪ್ಪೂ ಸಿಕ್ಕಿಲ್ಲ.